ಮಳೆಗಾಲಕ್ಕೆ ಬೆಂಜ್ ಲಾರಿ: ಬಂದರಿನ ಟಾರ್ಪಾಲು, ಕೆನಡಾದ ಕವರ್, ಮತ್ತೆ ಒಂದಿಷ್ಟು ಎಣ್ಣೆ

ಅಂಗಳದಲ್ಲಿ ನಿಂತ ಹಳೆ ಲಾರಿಯನ್ನು ಮಳೆಯಿಂದ ಕಾಪಾಡಲು ತಂದು ನೋಡಿದ್ದಕ್ಕೆಲ್ಲ ಮೊದಲೇ ಅಂಕ ಹೇಳಿಬಿಡುತ್ತೇನೆ. ಮಂಗಳೂರು ಬಂದರಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಪಿವಿಸಿ ಟಾರ್ಪಾಲಿಗೆ ಐದರಲ್ಲಿ ನಾಲ್ಕು. ಎಲ್ಲ ಕಡೆ ಸಿಗುವ ನೀಲಿ ಟಾರ್ಪಾಲಿಗೆ ಎರಡು. ಕೆನಡಾದಿಂದ ಬಂದ ಕವರಿಗೆ ಒಂದೂವರೆ, ಅದರಲ್ಲಿ ಒಂದು ಅಂಕ ಕಳಿಸಿದ ಹುಡುಗನ ಪ್ರೀತಿಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು ನಾನು. ಅಂಕ ಕೊಡದೆ ಮಾತು ಶುರು ಮಾಡಲಿಕ್ಕೆ ಬರುವುದಿಲ್ಲ.

ಗಾಡಿ ಯಾವುದು ಅಂದರೆ, ಅಪ್ಪನ ಟಾಟಾ ಬೆಂಜ್ ಲಾರಿ. 1967ರ ಮಾಡೆಲ್. ಟಾಟಾದವರ ಟೆಲ್ಕೊ ಕಂಪನಿ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿತ್ತಲ್ಲ, ಆ ಕಾಲದ್ದು. ಮೂತಿ ಮುಂದೆ ಚಾಚಿದ ಲಾರಿ, ಗ್ರಿಲ್ಲಿನ ನಡುವೆ ಮೂರು ಮೊನೆಯ ನಕ್ಷತ್ರ. ಅಪ್ಪ ಇದರಲ್ಲಿ ಹಂಚು ಸಾಗಿಸಿದರು, ಕೆಂಪುಕಲ್ಲು ಸಾಗಿಸಿದರು, ಕೊನೆಕೊನೆಗೆ ತೆಂಗಿನಕಾಯಿ. ಈಗ ಅದು ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಯಂಗಳದಲ್ಲಿ ನಿಂತಿದೆ. ಆಟಿ ತಿಂಗಳ (ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳು) ರಾತ್ರಿ ಸಮುದ್ರದ ಸದ್ದು ಮನೆಯೊಳಗೆ ಕೇಳುತ್ತದೆ, ಅಷ್ಟು ಹತ್ತಿರ. ನವರಾತ್ರಿಗೆ ತೊಳೆದು, ಹೂ ಹಾಕಿ, ಆಯುಧಪೂಜೆ ಮಾಡಿ, ಊರೊಳಗೆ ಒಂದು ಸುತ್ತು ಹೋಗಿ ಬರುತ್ತೇವೆ. ಮಕ್ಕಳೆಲ್ಲ ಹಿಂದೆ ಹತ್ತುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಅಂತ ಒಂದು ನಿಯಮ ತಂದಿತು. ಅದು ಸ್ವಂತಕ್ಕೆ ಇಟ್ಟುಕೊಂಡ ಕಾರು, ಬೈಕುಗಳಿಗೆ. ಜೀವಮಾನವಿಡೀ ಭಾರ ಹೊತ್ತ ಲಾರಿಗೆ ಆ ಮರ್ಯಾದೆ ಇಲ್ಲ. ಇರಲಿ ಬಿಡಿ.

ಹಳೆ ಗಾಡಿಯನ್ನು ಹೊರಗೆ ನಿಲ್ಲಿಸಿ ಕಾಪಾಡುವ ಬಗ್ಗೆ ವಿಡಿಯೋ ಹುಡುಕಿದರೆ ಬರುವುದೆಲ್ಲ ಹಿಮ ಬೀಳುವ ಊರಿನವು. ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಎಂಜಿನ್ ಒಡೆಯದ ಹಾಗೆ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿ ಹಾಕಿ, ಅದು ಸೊನ್ನೆಯಿಂದ 37 ಡಿಗ್ರಿ ಕೆಳಗಿನವರೆಗೂ ತಡೆಯುತ್ತದೆ ಅಂತ ಒಬ್ಬ. ರಸ್ತೆಯ ಹಿಮ ಕರಗಿಸಲು ಹಾಕಿದ ಉಪ್ಪನ್ನು ಅಡಿಯಿಂದ ತೊಳೆಯಿರಿ ಅಂತ ಇನ್ನೊಬ್ಬ. ಅವರಿಗೆ ಉಪ್ಪು ಮುನಿಸಿಪಾಲಿಟಿಯವರು ತಂದು ಸುರಿಯಬೇಕು. ನಮಗೆ ಪಡುವಣ ಗಾಳಿ ಪುಕ್ಕಟೆ ತಂದುಕೊಡುತ್ತದೆ.

ನಮ್ಮ ತಾಪತ್ರಯ ಬೇರೆಯೇ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕ ಬೇಕು. ಉಪ್ಪು ಸೇರಿದರೆ ಕೆಲಸ ಬೇಗ ಆಗುತ್ತದೆ. ನೀರು ಅಂದರೆ ಸುರಿಯುವ ಮಳೆಯೇ ಆಗಬೇಕಿಲ್ಲ. ಗಾಳಿಯ ತೇವ ಶೇಕಡಾ 60 ದಾಟಿದರೆ ಸಾಕು, ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಜುಲೈಯಲ್ಲಿ ಇಲ್ಲಿ ತೇವ ಶೇಕಡಾ 90ರ ಆಸುಪಾಸು. ರಾತ್ರಿ ಚಾಸಿ, ಅಂದರೆ ಲಾರಿಯ ಅಡಿಯ ಕಬ್ಬಿಣದ ಚೌಕಟ್ಟು, ತಣ್ಣಗಾಗುತ್ತದೆ. ಬೆಳಿಗ್ಗೆ ಹಸಿ ಗಾಳಿ ತಾಗಿದ ಕೂಡಲೇ ದಪ್ಪ ಕಬ್ಬಿಣ ಬೆವರುತ್ತದೆ. ಮಳೆ ಒಂದು ಹನಿ ತಾಗದಿದ್ದರೂ ಬೆವರುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ, ಏಕೆಂದರೆ ನಾನು ಅಂಕ ಕಡಿಮೆ ಕೊಟ್ಟದ್ದಕ್ಕೂ ಜಾಸ್ತಿ ಕೊಟ್ಟದ್ದಕ್ಕೂ ಕಾರಣ ಇದೇ.

ಕೆನಡಾದ ಕವರ್ ಕಳಿಸಿದ್ದು ನನ್ನ ತಂಗಿಯ ಮಗ. ಅವನು ಕ್ಯಾಲ್ಗರಿಯಲ್ಲಿದ್ದಾನೆ. "ದೊಡ್ಡಮ್ಮ, ಇಲ್ಲಿ ಎಲ್ಲರೂ ಪಿಕಪ್ ಟ್ರಕ್ಕಿಗೆ ಇದನ್ನೇ ಹೊದೆಸುವುದು, ಇಡೀ ಚಳಿಗಾಲ ಹಿಮದಲ್ಲಿ ನಿಂತರೂ ಏನೂ ಆಗುವುದಿಲ್ಲ" ಅಂದ. ಬಟ್ಟೆ ನಿಜಕ್ಕೂ ಚೆಂದ. ಹೊರಗೆ ಬೂದು ಬಣ್ಣದ ಪದರ, ಒಳಗೆ ಹತ್ತಿಯಂಥ ಮೆತ್ತನೆ ಪದರ, ಅಡಿಯಲ್ಲಿ ಇಲಾಸ್ಟಿಕ್, ಬಿಗಿಯಲು ಬೆಲ್ಟು. ಹೊಲಿಗೆಯಲ್ಲಿ ಒಂದು ದಾರ ಹೊರಗೆ ಬಂದಿರಲಿಲ್ಲ. ಆದರೆ ಅಲ್ಲಿನ ಪಿಕಪ್ಪಿನ ಅಳತೆಗೆ ಮಾಡಿದ್ದು. ನಮ್ಮ ಲಾರಿಯ ಮೂತಿ ಮತ್ತು ಕ್ಯಾಬಿನಿಗೆ ಮಾತ್ರ ಆಯಿತು. ಹಿಂದಿನ ಮರದ ಬಾಡಿ ಹಾಗೆಯೇ ಹೊರಗೆ ಉಳಿಯಿತು. ನೋಡಿದವರೆಲ್ಲ ನಕ್ಕರು.

ಅಲ್ಲಿ ಅದು ಯಾಕೆ ಕೆಲಸ ಮಾಡುತ್ತದೆ ಅಂತ ಯೋಚಿಸಿ. ಮೈನಸ್ 20ರಲ್ಲಿ ಬೀಳುವ ಹಿಮ ಒಣ ಹಿಟ್ಟಿನ ಥರ ಮೇಲೆ ಕೂರುತ್ತದೆ, ಕೊಡವಿದರೆ ಬೀಳುತ್ತದೆ. ಅಷ್ಟು ಚಳಿಯಲ್ಲಿ ಗಾಳಿಯಲ್ಲಿ ನೀರಿನ ಅಂಶವೇ ತೀರಾ ಕಡಿಮೆ. ಒಳಗೆ ಸ್ವಲ್ಪ ತೇವ ಇದ್ದರೂ ಬಟ್ಟೆಯ ಮೂಲಕ ಹೊರಗೆ ಹೋಗುತ್ತದೆ. ಇಲ್ಲಿ ಹೊರಗೆ ಹೋಗುವುದು ಎಲ್ಲಿಗೆ? ಹೊರಗೆ ಒಳಗಿಗಿಂತ ಹೆಚ್ಚು ತೇವ. ಜೂನ್ ಮುಗಿಯುವಷ್ಟರಲ್ಲಿ ಒಳಪದರ ನೀರು ಕುಡಿದು ಲಾರಿಯ ಮೈಗೆ ಅಂಟಿತ್ತು. ಬಾನೆಟ್ಟಿನ ಮೇಲೆ ಬೂಸ್ಟು. ನಕ್ಷತ್ರದ ಸುತ್ತ ಕ್ರೋಮಿಯಂ ಚುಕ್ಕೆ ಚುಕ್ಕೆ. ಕವರನ್ನು ತೆಗೆದು ಒಣಗಿಸಲು ಹಾಕಿದರೆ ಒಣಗಬೇಕಲ್ಲ, ಮಾರಾಯ್ರೆ, ಆಟಿಯಲ್ಲಿ ಒಳಚಡ್ಡಿಯೇ ಒಣಗುವುದಿಲ್ಲ. ಕಂಪನಿಯ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಊರಿನ ಪ್ರಶ್ನೆಗೆ ಅದು ಸರಿ ಉತ್ತರ. ಈಗ ಅದು ನಮ್ಮ ಮನೆಯೊಳಗೆ ಹೊಲಿಗೆ ಮಿಷನ್ ಮತ್ತು ಹಳೆ ಪೆಟ್ಟಿಗೆಗಳ ಮೇಲೆ ಹೊದ್ದುಕೊಂಡು ಚೆನ್ನಾಗಿದೆ.

ನೀಲಿ ಟಾರ್ಪಾಲಿನ ಕಥೆ ಎಲ್ಲರಿಗೂ ಗೊತ್ತು. ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ಕಿನ ನೂಲಿನಿಂದ ನೇಯ್ದ ಹಾಳೆ. ಅಗ್ಗ, ಹಗುರ, ಅಡಿಕೆ ಒಣಗಿಸುವಲ್ಲಿಗೆ, ಸೌದೆ ರಾಶಿಗೆ ಸಾಕಷ್ಟಾಯಿತು. ಒಂದು ಮಳೆಗಾಲಕ್ಕೆ ಲಾರಿಯ ಮೇಲೂ ನಿಲ್ಲುತ್ತದೆ. ಮಾರ್ಚ್-ಏಪ್ರಿಲಿನ ಬಿಸಿಲನ್ನು ಅದು ತಡೆಯುವುದಿಲ್ಲ, ಮರುವರ್ಷ ಕೈಯಲ್ಲಿ ಹಿಡಿದರೆ ಪುಡಿಪುಡಿ ಉದುರುತ್ತದೆ. ಬಿಸಿಲು ತಡೆಯುವ ಯುವಿ ಮದ್ದು ಸೇರಿಸಿದ್ದು ಬೇರೆ ಬರುತ್ತದೆ, ಕೇಳಿಯೇ ತೆಗೆದುಕೊಳ್ಳಬೇಕು. ಈ ನಮೂನೆ ಟಾರ್ಪಾಲಿಗೆ ಐಎಸ್ 7903 ಅಂತ ಭಾರತೀಯ ಮಾನಕವೇ ಇದೆ. ಮೂಲೆಯಲ್ಲಿ ಅಚ್ಚಾಗಿದೆಯಾ ನೋಡಿ.

ಇಲ್ಲಿ ಒಂದು ಗಣಿತ ಹೇಳುತ್ತೇನೆ, ದಯವಿಟ್ಟು ಹಾರಿಸಿ ಮುಂದೆ ಹೋಗಬೇಡಿ. ಟಾರ್ಪಾಲು ಮಾರುವವರು 'ಜಿಎಸ್‌ಎಂ' ಲೆಕ್ಕ ಹೇಳುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 18 ಅಡಿ ಅಗಲ, 30 ಅಡಿ ಉದ್ದದ ಟಾರ್ಪಾಲು ಅಂದರೆ 540 ಚದರ ಅಡಿ, ಹತ್ತಿರ ಹತ್ತಿರ 50 ಚದರ ಮೀಟರ್. 250 ಜಿಎಸ್‌ಎಂ ನಿಜವಾಗಿದ್ದರೆ ಅದು ಹನ್ನೆರಡೂವರೆ ಕಿಲೋ ತೂಗಬೇಕು. ಉಡುಪಿಯ ಒಂದು ಅಂಗಡಿಯಲ್ಲಿ '250' ಅಂತ ಚೀಟಿ ಅಂಟಿಸಿದ್ದನ್ನು ನಾನು ತಕ್ಕಡಿಗೆ ಹಾಕಿಸಿದೆ. ಒಂಬತ್ತು ಕಿಲೋ. ಅಂದರೆ 180. ಹುಡುಗ ಚೀಟಿ ನೋಡಿದ, ತಕ್ಕಡಿ ನೋಡಿದ, ನನ್ನನ್ನು ನೋಡಿದ. "ಕಂಪನಿಯಿಂದಲೇ ಹಾಗೆ ಬರುವುದು ಟೀಚರ್" ಅಂದ. ನನ್ನ ಹಳೆ ವಿದ್ಯಾರ್ಥಿ ಇರಬೇಕು, ಮುಖ ನೆನಪಿಲ್ಲ. ಅಳತೆಯಲ್ಲೂ ಹೀಗೇ ಉಂಟು. 18 ಅಡಿ ಅನ್ನುವುದು ಕತ್ತರಿಸುವಾಗಿನ ಅಳತೆ, ಅಂಚು ಮಡಚಿ ಹೊಲಿದ ಮೇಲೆ ಕೆಲವು ಇಂಚು ಹೋಗುತ್ತದೆ. ಹೊಲಿದ ಮೇಲಿನ ಅಳತೆ ಎಷ್ಟು ಅಂತ ಕೇಳಿ.

ಈಗ ಬಂದರಿನ ಅಂಗಡಿ. ಹೆಸರು ಹಾಕುವುದಿಲ್ಲ, ಅವರಿಗೆ ಈಗಲೇ ಕೈತುಂಬ ಕೆಲಸ. ಬಂದರು ಅಂದರೆ ಮಂಗಳೂರಿನ ಹಳೆ ಬಂದರು ಪೇಟೆ. ಮೆಣಸು, ಬೆಲ್ಲ, ಒಣಮೀನು, ಹಗ್ಗ, ಬಲೆ ಎಲ್ಲದರ ವಾಸನೆ ಒಟ್ಟಿಗೆ ಬರುವ ಗಲ್ಲಿಗಳು. ಅಂಗಡಿಯ ಹಾಜಿಯವರಿಗೆ ವಯಸ್ಸಾಗಿದೆ, ಮಗ ನೋಡಿಕೊಳ್ಳುತ್ತಾನೆ. ಆದರೆ ಅಳತೆ ಬರೆದುಕೊಳ್ಳುವುದು ಹಾಜಿಯವರೇ. ನಾನು ಲಾರಿಯ ಉದ್ದ ಅಗಲ ಹೇಳಿದೆ. ಅವರು ಬರೆದುಕೊಳ್ಳದೆ ಪೆನ್ನು ಕೆಳಗಿಟ್ಟರು.

"ಟೀಚರೇ, ಲಾರಿಗೆ ಹೊದೆಸುವುದಾ, ಲಾರಿ ಮೇಲೆ ಕಟ್ಟುವುದಾ?"

ಎರಡಕ್ಕೂ ಎಂತ ವ್ಯತ್ಯಾಸ ಅಂತ ಕೇಳಿದೆ. "ಲೋಡಿಗೆ ಹೊದೆಸಬೇಕು. ಅದು ನಾಳೆ ಇಳಿಯುತ್ತದೆ. ನಿಲ್ಲಿಸಿದ ಗಾಡಿಗೆ ಹೊದೆಸಿದರೆ ಒದ್ದೆ ಕಂಬಳಿಯೊಳಗೆ ಮಲಗಿಸಿದ ಹಾಗೆ. ಮಲ್ಪೆಯಲ್ಲಿ ದೋಣಿ ನೋಡಿದ್ದೀರಲ್ಲ? ಮಳೆಗಾಲದಲ್ಲಿ ದೋಣಿಯ ಮೈಗೆ ಯಾರಾದರೂ ಪ್ಲಾಸ್ಟಿಕ್ ಸುತ್ತಿ ಇಡುತ್ತಾರಾ?"

ನಾಲ್ಕು ಅಂಕದಲ್ಲಿ ಎರಡು ಈ ಪ್ರಶ್ನೆಗೇ. ಅವರು ಹೇಳಿದ್ದು ನಿಜ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಹೊತ್ತಿಗೆ ಕಡಲ ದಂಡೆಗೆ ಎಳೆದಿಟ್ಟ ನಾಡದೋಣಿಗಳನ್ನು ನೋಡಿ. ಕಂಬ ನೆಟ್ಟು ಮೇಲೆ ಮಡಲಿನ (ಹೆಣೆದ ತೆಂಗಿನ ಗರಿಯ) ಮಾಡು. ದೋಣಿಗೂ ಮಾಡಿಗೂ ನಡುವೆ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ. ಮಳೆ ತಾಗಬಾರದು, ಗಾಳಿ ನಿಲ್ಲಬಾರದು.

ಅಂಗಡಿಯಲ್ಲಿ ಮೂರು ನಮೂನೆ ತೋರಿಸಿದರು. ಒಂದು, ಮೇಣ ಹಾಕಿದ ಹತ್ತಿಯ ಕ್ಯಾನ್ವಾಸ್. ಅಪ್ಪನ ಕಾಲದಲ್ಲಿ ಲಾರಿಗಳ ಮೇಲೆ ಇದೇ ಇರುತ್ತಿತ್ತು. ನೂಲು ನೆನೆದು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ, ಉಸಿರೂ ಆಡುತ್ತದೆ. ಮನಸ್ಸು ಅದರ ಮೇಲೆಯೇ ಹೋಯಿತು. ಹಾಜಿಯವರು ಬೇಡ ಅಂದರು. ಅದಕ್ಕೆ ನಡುನಡುವೆ ಒಣಗಲು ಬಿಸಿಲು ಬೇಕು, ತಿಂಗಳುಗಟ್ಟಲೆ ಒದ್ದೆ ಇದ್ದರೆ ಕೊಳೆಯುತ್ತದೆ, ನೆನೆದರೆ ಭಾರಕ್ಕೆ ಕಂಬವೇ ಬಗ್ಗುತ್ತದೆ. ಹೆಚ್ಚು ಬೆಲೆಯದ್ದನ್ನು ಬೇಡ ಅನ್ನುವ ವ್ಯಾಪಾರಿ ಅಪರೂಪ, ಅಲ್ವಾ? ಎರಡನೆಯದು ಎಚ್‌ಡಿಪಿಇ, ದಪ್ಪದ್ದು. ಮೂರನೆಯದು ಪಿವಿಸಿ ಲೇಪ ಹಾಕಿದ ಬಟ್ಟೆ, 550 ಜಿಎಸ್‌ಎಂ. ನಾನು ತೆಗೆದುಕೊಂಡದ್ದು ಅದು. 18ಕ್ಕೆ 30, ಕಡು ಹಸಿರು. ತಕ್ಕಡಿಯಲ್ಲಿ 27 ಕಿಲೋ ಚಿಲ್ಲರೆ ಬಂತು. ಲೆಕ್ಕ ಸರಿ. ಬಟ್ಟೆ, ಕೂಲಿ ಎಲ್ಲ ಸೇರಿ 9,800 ರೂಪಾಯಿ.

ಕೆಲಸ ಹೇಗಿದೆ ಅಂದರೆ, ಬಟ್ಟೆ ಜೋಡಿಸುವಲ್ಲಿ ಸೂಜಿ ಹಾಕಿಲ್ಲ. ಬಿಸಿ ಮಾಡಿ ಒತ್ತಿ ಅಂಟಿಸುತ್ತಾರೆ. ಸೂಜಿ ತೂತು ಇದ್ದರೆ ನಮ್ಮ ಮಳೆಗೆ ಅಲ್ಲಿಂದಲೇ ಜಿನುಗಲು ಶುರು. ಅಂಚಿನೊಳಗೆ ಹಗ್ಗ ಇಟ್ಟು ಮಡಚಿದ್ದಾರೆ. ಅಂಚಿನ ತೂತುಗಳಿಗೆ ಹಿತ್ತಾಳೆಯ ಬಳೆ. ಕಬ್ಬಿಣದ್ದು ಹಾಕಿದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತದೆ. ಸಾಮಾನ್ಯವಾಗಿ ಮೂರು ಅಡಿಗೆ ಒಂದು ತೂತು ಕೊಡುತ್ತಾರೆ. ನಾನು ಒಂದೂವರೆ ಅಡಿಗೆ ಕೇಳಿದೆ. ಕೊಟ್ಟರು, ಒಂದೊಂದಕ್ಕೆ ಬೇರೆ ದುಡ್ಡು ಹಾಕಿದರು. ಅದನ್ನು ಮೊದಲೇ ಹೇಳಬಹುದಿತ್ತು. ಹೇಳಿದ ವಾರಕ್ಕೆ ಸಿಗಲಿಲ್ಲ, ಮುಂದಿನ ವಾರ ಅಂದರು, ಆಮೇಲೂ ಕೈಗೆ ಬರಲು ತಡವಾಯಿತು. ಒಂದು ಮೂಲೆಯಲ್ಲಿ ಅಂಟು ಎರಡು ಬೆರಳಗಲ ಬಿಟ್ಟಿತ್ತು. ತೆಗೆದುಕೊಂಡು ಹೋದರೆ ಮಾತಾಡದೆ ಸರಿ ಮಾಡಿಕೊಟ್ಟರು, ಆದರೆ 27 ಕಿಲೋ ಹೊತ್ತು ಕಟಪಾಡಿಯಿಂದ ಮಂಗಳೂರಿಗೆ ಯಾರು ಹೋಗುತ್ತಾರೆ ಹೇಳಿ. ಐದನೆಯ ಅಂಕ ಹೋದದ್ದು ಇಲ್ಲಿ.

ಟಾರ್ಪಾಲಿಗಿಂತ ಚೌಕಟ್ಟಿಗೆ ಜಾಸ್ತಿ ಖರ್ಚಾಯಿತು. ಅಡಿಕೆ ಮರದ ಕಂಬ, ಅಡಿಕೆ ಸಲಾಕೆಯಲ್ಲಿ ಮಾಡಿದರೆ ಅಗ್ಗ. ಆದರೆ ಮಣ್ಣಿನೊಳಗಿನ ಭಾಗ ಬೇಗ ಕುಂಬಾಗುತ್ತದೆ. ನಾನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿಸಿದೆ, ಮಣ್ಣು ತಾಗುವಲ್ಲಿ ಡಾಂಬರು ಬಳಿಸಿದೆ. ನಡುವಿನ ಮೇಲ್ತೊಲೆ 12 ಅಡಿ ಎತ್ತರಕ್ಕೆ. 18 ಅಡಿಯ ಅರ್ಧ 9 ಅಡಿ, ಅದು ಇಳಿಜಾರಿನ ಉದ್ದ. ಐದು ಅಡಿ ಇಳಿಸಿದರೆ ಅಡ್ಡಕ್ಕೆ ಏಳೂವರೆ ಅಡಿ ಸಿಗುತ್ತದೆ. ಎರಡೂ ಬದಿ ಸೇರಿ 15 ಅಡಿ. ಲಾರಿ ಎಂಟು ಅಡಿ ಅಗಲ. ವೆಲ್ಡಿಂಗಿನ ಹುಡುಗನಿಗೆ ಇದನ್ನು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದೆ. "ಪೈಥಾಗೊರಸ್ ಅಲ್ವಾ ಟೀಚರ್, ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಆಗ ಬೈದಿದ್ದೆ" ಅಂದ. ಬೈದದ್ದು ನನ್ನನ್ನೇ ಅಂತ ಅವನು ಹೇಳಲಿಲ್ಲ.

ಇಳಿಜಾರು ಯಾಕೆ ಇಷ್ಟು ಬೇಕು ಅಂದರೆ, ನೀರಿನ ಲೆಕ್ಕ ಮಾಡಿ. ಜೂನ್‌ನಿಂದ ಸೆಪ್ಟೆಂಬರಿಗೆ ನಮ್ಮ ಕಡೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ. 15ಕ್ಕೆ 30 ಅಡಿಯ ಮಾಡಿನ ಮೇಲೆ ಅದು ಒಂದೂವರೆ ಲಕ್ಷ ಲೀಟರಿನ ಹತ್ತಿರ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರು ಹನ್ನೆರಡು ಸಲ ಬಂದು ಸುರಿದಷ್ಟು. ಟಾರ್ಪಾಲು ಎಲ್ಲಾದರೂ ಗುಂಡಿ ಬಿದ್ದು ನೀರು ನಿಂತರೆ ಅಷ್ಟೇ ಕಥೆ. ಆ ನೀರು ಹೋಗಲು ಎರಡೂ ಬದಿ ಕಣಿ ಬಿಡಿಸಬೇಕು, ಇಲ್ಲದಿದ್ದರೆ ಮೇಲಿನಿಂದ ತಪ್ಪಿಸಿದ ನೀರು ಕೆಳಗಿನಿಂದ ಬರುತ್ತದೆ. ಲಾರಿಯ ಅಡಿಗೆ ಹಳೆ ನೀಲಿ ಟಾರ್ಪಾಲು ಹಾಸಿ, ಮೇಲೆ ಜಲ್ಲಿ ಹರಡಿದ್ದೇನೆ. ಹಸಿ ನೆಲದಿಂದ ಏಳುವ ಆವಿ ನೇರ ಚಾಸಿಗೆ ತಾಗುವುದು ಇದರಿಂದ ತುಂಬಾ ಕಡಿಮೆಯಾಯಿತು. ನೀಲಿ ಟಾರ್ಪಾಲಿನ ಎರಡು ಅಂಕ ಇಲ್ಲಿ ಸಂಪಾದಿಸಿದ್ದು.

ಬದಿಗಳಿಗೆ ಏನೂ ಸುತ್ತಬೇಡಿ. ಮಳೆ ಹೊಡೆಯುವುದು ಪಡುವಣ ದಿಕ್ಕಿನಿಂದ. ಆ ಬದಿಗೆ ಮಾತ್ರ ಮಡಲಿನ ತಟ್ಟಿ ಕಟ್ಟಿದ್ದೇನೆ, ಮೊದಲೆಲ್ಲ ಮನೆ ಜಗಲಿಗೆ ಕಟ್ಟುತ್ತಿದ್ದೆವಲ್ಲ, ಹಾಗೆಯೇ. ಎರಚಲು ನಿಲ್ಲುತ್ತದೆ, ಗಾಳಿ ಸಂದಿಯಲ್ಲಿ ನುಸುಳುತ್ತದೆ. ಮೂಡಣ ಬದಿ ಪೂರ್ತಿ ತೆರೆದು ಬಿಟ್ಟಿದ್ದೇನೆ. ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ ಅಲ್ಲಿಂದ ಲಾರಿಯ ಅಡಿಯವರೆಗೂ ಬಿಸಿಲು ಬೀಳುತ್ತದೆ.

ಹಗ್ಗದ ವಿಷಯ. ನೈಲಾನ್ ನೆನೆದರೆ ಸಡಿಲವಾಗುತ್ತದೆ. ಮಲ್ಪೆಯ ಬಲೆ ಅಂಗಡಿಗಳಲ್ಲಿ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ನೀರು ಕುಡಿಯುವುದಿಲ್ಲ. ಹಗ್ಗವನ್ನು ನೇರವಾಗಿ ತೂತಿಗೆ ಕಟ್ಟದೆ, ನಡುವೆ ಹಳೆ ಲಾರಿ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಹಾಕಿ. ಗಾಳಿ ಎಳೆದಾಗ ರಬ್ಬರು ಹಿಗ್ಗುತ್ತದೆ, ಬಟ್ಟೆ ಹರಿಯುವುದಿಲ್ಲ. ಇದು ನಮ್ಮ ಹಳೆ ಡ್ರೈವರ್ ಹೇಳಿಕೊಟ್ಟದ್ದು. ಪತ್ತನಾಜೆ (ಮೇ ಕೊನೆಯ ವಾರದ ಸುಮಾರಿಗೆ ಬರುವ ತುಳುವರ ವಿಶೇಷ ದಿನ) ಕಳೆದ ಮೇಲೆ ಕಟ್ಟಿದರಾಯಿತು ಅಂತ ಕಾಯಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಬಂದದ್ದು ಮೇ ಮಧ್ಯದಲ್ಲಿ, ಪತ್ತನಾಜೆಗೆ ಇನ್ನೂ ವಾರದ ಮೇಲೆ ಇತ್ತು.

ಇನ್ನು ಎಣ್ಣೆಗಳು. ಟಾರ್ಪಾಲು ಎಷ್ಟೇ ಒಳ್ಳೆಯದಿದ್ದರೂ ಬೆವರುವ ಕಬ್ಬಿಣಕ್ಕೆ ಮೈಮೇಲೆ ಏನಾದರೂ ಬೇಕು. ಚಾಸಿಗೆ ಮೊದಲು ತಂತಿ ಬ್ರಶ್ಶು, ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಗ್ರೀಸಿಗೆ ಸ್ವಲ್ಪ ಎಂಜಿನ್ ಆಯಿಲ್ ಕಲಸಿ ಬಳಿಯುವುದು. ಸ್ಪ್ರೇ ಡಬ್ಬಿಯ ಡಬ್ಲ್ಯುಡಿ-40 ಬಗ್ಗೆ ತುಂಬ ಜನ ಕೇಳುತ್ತಾರೆ. 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಹೊರಮೈಯ ತೇವ ಓಡಿಸಲು ಮಾಡಿದ್ದು ಅದು, 40ನೆಯ ಪ್ರಯತ್ನದಲ್ಲಿ ಸರಿಯಾಯಿತಂತೆ. ಬಿಗಿದ ಬೋಲ್ಟು ಬಿಚ್ಚಲು, ನೆನೆದ ವೈರಿನ ತುದಿ ಒಣಗಿಸಲು ಚೆನ್ನ. ನಾಲ್ಕು ತಿಂಗಳ ಮಳೆಗೆ ಆ ಪದರ ತೀರಾ ತೆಳು.

ಬೂತಾಯಿ ಮೀನಿನ ಎಣ್ಣೆ ಬಳಿಯಿರಿ ಅಂದವರೂ ಇದ್ದಾರೆ. ನಗಬೇಡಿ. ನಮ್ಮ ಕರಾವಳಿಯಲ್ಲಿ ದೋಣಿಗೆ ಮೀನೆಣ್ಣೆ ಬಳಿಯುವುದು ಹಳೆಯ ಪದ್ಧತಿ. ರಸ್ಟ್-ಓಲಿಯಂ ಅನ್ನುವ ಅಮೆರಿಕದ ಪೇಂಟ್ ಕಂಪನಿ 1921ರಲ್ಲಿ ಹುಟ್ಟಿದ್ದೇ, ಹಡಗಿನ ಕ್ಯಾಪ್ಟನ್ ಒಬ್ಬ ಮೀನೆಣ್ಣೆ ಚೆಲ್ಲಿದ ಜಾಗದಲ್ಲಿ ತುಕ್ಕು ನಿಂತದ್ದನ್ನು ಗಮನಿಸಿದ್ದರಿಂದ. ಗುಣದಲ್ಲಿ ಸಂಶಯ ಇಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಸ್ವಲ್ಪ ಬಳಿದು ನೋಡಿದೆವು. ಊರಿನ ಬೆಕ್ಕುಗಳೆಲ್ಲ ಲಾರಿಯ ಅಡಿಯಲ್ಲಿ ಸಭೆ ಸೇರಿದವು. ಇಲಿ ಕಾಟ ಕಡಿಮೆಯಾಯಿತು ಅನ್ನುವುದು ಲಾಭ. ಮನೆಯವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದೆ.

ಮರದ ಬಾಡಿಗೆ ಮಾತ್ರ ನನ್ನ ಓಟು ಗೇರುಬೀಜದ ಸಿಪ್ಪೆಯ ಎಣ್ಣೆಗೆ. ಐದಕ್ಕೆ ಐದು. ಮಂಗಳೂರು-ಉಡುಪಿಯ ಗೇರುಬೀಜ ಕಾರ್ಖಾನೆಗಳ ಕಡೆ ವಿಚಾರಿಸಿದರೆ ಸಿಗುತ್ತದೆ. ಕಪ್ಪು, ದಪ್ಪ ಎಣ್ಣೆ. ಒರಲೆ (ಗೆದ್ದಲು) ಮುಟ್ಟುವುದಿಲ್ಲ, ಮರ ನೀರು ಕುಡಿಯುವುದಿಲ್ಲ. ಕೈಗೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಆದ್ದರಿಂದ ಗ್ಲೌಸ್ ಹಾಕದೆ ಬ್ರಶ್ ಹಿಡಿಯಬೇಡಿ, ಕಣ್ಣು ಉಜ್ಜಬೇಡಿ. ಮರ ಕಪ್ಪಾಗುತ್ತದೆ. ಬಣ್ಣ ಬಳಿದ ಹಲಗೆಗೆ, ಅಪ್ಪ ಬರೆಸಿದ ಹೂಬಳ್ಳಿಗೆ ಹಾಕಿಲ್ಲ. ಹಾಸಿನ ಹಲಗೆಗಳ ಅಡಿಗೆ, ಅಡ್ಡಪಟ್ಟಿಗಳಿಗೆ ಮಾತ್ರ. ಬೇಸಿಗೆಯ ಕಡು ಬಿಸಿಲಿನಲ್ಲಿ ಬಳಿದು ಚೆನ್ನಾಗಿ ಒಣಗಲು ಬಿಡಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಡೀಸೆಲ್ ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಖಾಲಿ ಜಾಗದಲ್ಲೇ ತೇವ ಹನಿಗಟ್ಟುವುದು. ಬ್ಯಾಟರಿ ಕಳಚಿ ಮನೆಯೊಳಗೆ ಇಡಿ, ಆಗಾಗ ಚಾರ್ಜ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟರೆ ಸಾಕು. ಕ್ಲಚ್ ಪೆಡಲ್ ಒತ್ತಿ ಒಂದು ರೀಪು ಕೊಟ್ಟು ಹಾಗೆಯೇ ನಿಲ್ಲಿಸಿ, ಇಲ್ಲದಿದ್ದರೆ ಪ್ಲೇಟ್ ಅಂಟಿ ಕೂತು ನವರಾತ್ರಿಗೆ ಗೇರೇ ಬೀಳುವುದಿಲ್ಲ. ಸೈಲೆನ್ಸರಿನ ಬಾಯಿಗೆ ಕೋಳಿಗೂಡಿನ ಸಣ್ಣ ಬಲೆ ಸುತ್ತಿ, ಇಲಿ ಒಳಗೆ ಸಂಸಾರ ಹೂಡದ ಹಾಗೆ. ಕ್ಯಾಬಿನಿನ ಗಾಜು ಎರಡು ಬೆರಳು ಇಳಿಸಿಡಿ, ಸೀಟಿನ ಮೇಲೆ ಇದ್ದಿಲಿನ ಚೀಲ. ರೇಡಿಯೇಟರಿಗೆ ನಮ್ಮಲ್ಲೂ ಕೂಲೆಂಟ್ ಹಾಕಿ. ಹೆಪ್ಪುಗಟ್ಟುವ ಭಯಕ್ಕಲ್ಲ, ಅದರಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ. ತೆಂಗಿನಮರದ ಬುಡದಲ್ಲಿ ನಿಲ್ಲಿಸಬೇಡಿ ಅಂತ ಕರಾವಳಿಯವರಿಗೆ ನಾನು ಹೇಳಬೇಕಾ?

ವಾರಕ್ಕೊಮ್ಮೆ ಐದು ನಿಮಿಷ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸುವವರಿದ್ದಾರೆ. ನಮ್ಮ ಡ್ರೈವರಿಗೆ ಅದನ್ನು ಕಂಡರೆ ಆಗುವುದಿಲ್ಲ. "ಅಕ್ಕ, ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ. ಅರ್ಧ ಗಂಟೆ ಓಡಿಸುವುದಾದರೆ ಮಾಡಿ, ಇಲ್ಲದಿದ್ದರೆ ಮಲಗಲು ಬಿಡಿ" ಅನ್ನುತ್ತಾನೆ. ಅವನ ಮಾತೇ ನಮ್ಮಲ್ಲಿ ಕಾನೂನು.

ಟಾರ್ಪಾಲಿನ ಬದಲು ತಗಡಿನ ಶೀಟು ಹಾಕಿಸಿ ಒಂದೇ ಸಲ ಮುಗಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಜಾಗವೂ ದುಡ್ಡೂ ಇದ್ದರೆ ಅದೇ ಒಳ್ಳೆಯದು, ನಾನು ವಾದ ಮಾಡುವುದಿಲ್ಲ. ಆದರೆ 12 ಅಡಿ ಎತ್ತರದ ಶೀಟಿನ ಮಾಡು ಅಂಗಳದ ನಡುವೆ ವರ್ಷವಿಡೀ ನಿಂತರೆ ಮನೆಗೆ ಬೆಳಕಿಲ್ಲ. ದೀಪಾವಳಿಗೆ ನಮ್ಮ ಟಾರ್ಪಾಲು ಮಡಚಿ ಅಟ್ಟಕ್ಕೆ ಹೋಗುತ್ತದೆ, ಪೈಪು ಕಳಚಿ ಹಿತ್ತಲಿಗೆ ಹೋಗುತ್ತದೆ. ಅಂಗಳದಲ್ಲಿ ಮತ್ತೆ ಅಡಿಕೆ ಹರಡಬಹುದು.

ಬಂದರಿನಲ್ಲಿ ಮಾಡಿಸುವುದಾದರೆ ಏಪ್ರಿಲ್ ಮಧ್ಯದ ಬಿಸು ಹಬ್ಬದೊಳಗೆ ಹೇಳಿ ಇಡಿ. ಮೇ ಬಂತೆಂದರೆ ದೋಣಿಯವರು, ಕೋಳಿ ಫಾರ್ಮಿನವರು, ಮದುವೆ ಚಪ್ಪರದವರು ಎಲ್ಲ ಸಾಲು ಹಿಡಿಯುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರುತ್ತದೆ. ಆ ಗಲ್ಲಿಗೆ ಕಾರು ತೆಗೆದುಕೊಂಡು ಹೋಗಬೇಡಿ, ಹೊರಗೆ ನಿಲ್ಲಿಸಿ ನಡೆಯಿರಿ. ಅಳತೆಯನ್ನು ಅಡಿಯಲ್ಲೇ ಹೇಳಿ, ಮೀಟರಿನಲ್ಲಿ ಹೇಳಿದರೆ ಹಾಜಿಯವರು ಮಗನನ್ನು ಕರೆಯುತ್ತಾರೆ. ತೂಕ ಹಾಕಿಸಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ತಕ್ಕಡಿ ಬಾಗಿಲ ಪಕ್ಕದಲ್ಲೇ ಉಂಟು.